ಹುಳದ ಮನೆಯ ಇಪ್ಪತ್ತಾರು

ಏಪ್ರಿಲ್ 7, ಸೋಮವಾರ. ಬೆಳಗ್ಗೆ

ಡಿಸ್‌ಪ್ಲೇ 26.1, ಅಂದರೆ ನನ್ನ ಉಪ್ಪುನೀರಿನ ತೊಟ್ಟಿಯ ಕಾವು. ಇವತ್ತೂ ಸರಿಯಾಗಿಯೇ ಇದೆ. ನಿನ್ನೆಯೂ ಸರಿ, ಮೊನ್ನೆಯೂ ಸರಿ. ಹಾಗಾದರೆ ಈ ಹವಳಗಳಿಗೇನು ಧಾಡಿ?

ಲೆದರ್ ಹವಳ ಇಂದೂ ಬಿಚ್ಚಿಕೊಳ್ಳಲಿಲ್ಲ. ಯುಗಾದಿಗೆ ಮುಂಚೆ ದೊಡ್ಡ ಅಣಬೆಯಷ್ಟು ಅಗಲವಾಗಿ ತೆರೆದಿರುತ್ತಿತ್ತು. ಈಗ ಹಿಂಡಿಟ್ಟ ಒರೆಸುಬಟ್ಟೆ. ಬಂಡೆಯ ಮೇಲಿನ ಗುಂಡಿಹವಳಗಳು ಹಸಿರು ಕಳೆದುಕೊಂಡು ಬೂದಿಯಾಗಿವೆ. ನೀರಿನ ಉಪ್ಪು ನೋಡಿದೆ — ಸರಿ. ನೈಟ್ರೇಟ್ ನೋಡಿದೆ — ಸರಿ. ಪಂಪು, ಲೈಟು ಎಲ್ಲಾ ಸರಿ. ಎರಡು ಕ್ಲೌನ್ ಮೀನು ಮಾತ್ರ ಊಟಕ್ಕೆ ಮೇಲೆ ಬಂದು ಬಾಯಿ ಬಿಡುತ್ತಿವೆ. ಅವಕ್ಕೇನು, ಏನಿದ್ದರೂ ತಿನ್ನುತ್ತವೆ.

ಅತ್ತೆ ಬಾಗಿಲಲ್ಲೇ ನಿಂತು, "ಮೌನಿಕಾ, ಕೈ ತೊಳ್ಕೊಂಡ್ಯೇನಮ್ಮಾ? ಉಪ್ಪುನೀರಿನ ಕೈಯಲ್ಲಿ ಸೊಪ್ಪು ಮುಟ್ಟಬೇಡ" ಅಂದರು.

ತೊಳೆದುಕೊಂಡಿದ್ದೆ. ಸೋಪು ಹಾಕಿ. ಆದರೂ ಮುಟ್ಟಲಿಲ್ಲ. ಅವರ ರೇಷ್ಮೆಹುಳದ ಹಿಪ್ಪುನೇರಳೆ ಸೊಪ್ಪು ಅವರೇ ಇಟ್ಟುಕೊಳ್ಳಲಿ.

ಬಸ್ಸಿನ ಹೊತ್ತಾಯಿತು. ಶಿಡ್ಲಘಟ್ಟದ ಕಚೇರಿಯಲ್ಲಿ ಇವತ್ತು ಸಾಹೇಬರ ಮೀಟಿಂಗ್ ಬೇರೆ…

ಏಪ್ರಿಲ್ 9, ಬುಧವಾರ

ಜಂಗಮಕೋಟೆಯಲ್ಲಿ ಇಂಥ ಬಿಸಿಲು ನಾನು ನೋಡಿರಲಿಲ್ಲ. ಇಲ್ಲಿಗೆ ಬಂದು ಇದು ಮೊದಲನೇ ಬೇಸಿಗೆ.

ಸಾಯಂಕಾಲ ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಹುಳದ ಮನೆಯಿಂದ ಅತ್ತೆ ಹೊರಗೆ ಬಂದು ಸೆರಗಲ್ಲಿ ಗಾಳಿ ಬೀಸಿಕೊಂಡರು. "ಒಳಗೆ ತಡೀಯಕ್ಕಾಗಲ್ಲ ಕಣ್ರೀ. ಸೆಕೆ. ಹುಳಾನೂ ಸೊಪ್ಪು ಮೂಸ್ತಾ ಇಲ್ಲ."

ಮಾವ ಜಗುಲಿಯಿಂದ ಎದ್ದು ಒಳಗೆ ಹೋಗಿ ಗೋಡೆ ನೋಡಿ ಬಂದರು. "ಇಪ್ಪತ್ತಾರು ಐತೆ. ನಿನ್ನ ಮೈಯೇ ಬಿಸಿ, ಹೋಗು, ಮಜ್ಜಿಗೆ ಕುಡಿ."

ಗೋಡೆ ಅಂದರೆ ಥರ್ಮಾಮೀಟರ್. ಮರದ ಪಟ್ಟಿಯ ಮೇಲೆ ಗಾಜಿನ ಕೊಳವೆ, ಒಳಗೆ ಕೆಂಪು ಗೆರೆ, ಕೆಳಗೆ 'ಉತ್ತಮ ಹುಳು ಸಾಕಣೆಗಾರ ಚೆನ್ನರಾಯಪ್ಪ' ಎಂದು ಕೆತ್ತನೆ. ಯಾವುದೋ ಮೇಳದಲ್ಲಿ ಬಂದ ಬಹುಮಾನ. ಮಾವನಿಗೆ ಅದು ಮನೆಯ ಹಿರೀಮಗ. ಆಯುಧಪೂಜೆಗೆ ಅದನ್ನು ಗೋಡೆಯಿಂದ ಇಳಿಸಿ, ತೊಳೆದು, ಟಿಲ್ಲರ್ ಪಕ್ಕ ಮಣೆಯ ಮೇಲೆ ಮಲಗಿಸಿ, ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು ಪೂಜೆ. ನನ್ನ ಗಂಡ ರವಿಚಂದ್ರನಿಗೂ ಅಷ್ಟು ಮರ್ಯಾದೆ ಇಲ್ಲ ಈ ಮನೆಯಲ್ಲಿ.

ಏಪ್ರಿಲ್ 10, ಗುರುವಾರ

ಹುಳು ಹೋಯಿತು. ಸಪ್ಪೆ ರೋಗ. ಇನ್ನೇನು ಗೂಡು ಕಟ್ಟಬೇಕಿದ್ದವು, ಮೆತ್ತಗಾಗಿ ತಟ್ಟೆಯ ಮೇಲೆ ಬಿದ್ದುಕೊಂಡಿವೆ. ಅತ್ತೆ, ರವಿ, ಆಳುಗಳು ಮಂಕರಿ ಮಂಕರಿ ಹೊತ್ತು ಗುಂಡಿಗೆ ಸುರಿದರು. ನಾನೂ ಹೊರುತ್ತೇನೆ ಅಂದೆ. ಬೇಡ ಅಂದರು. ನಾನು ಹುಳದ ಮನೆ ಹೊಸಿಲು ದಾಟಬಾರದು — ಸಂಕ್ರಾಂತಿ ಬೆಳೆ ಕೈಕೊಟ್ಟಾಗಿನಿಂದ ಈ ಕಾನೂನು.

ಅತ್ತೆ ಅಳುತ್ತಿದ್ದರು. ಸದ್ದಿಲ್ಲದೆ. ಮೂರು ಹೊತ್ತು ಸೊಪ್ಪು ಕೊಯ್ದು ಹಾಕಿದ ಕೈ ಅದು. ಒಂದು ಲೋಟ ನೀರು ಕೊಟ್ಟೆ. ತೆಗೆದುಕೊಂಡರು. ಕುಡಿಯಲಿಲ್ಲ.

ಏಪ್ರಿಲ್ 11, ಶುಕ್ರವಾರ

ತೀರ್ಪು ಬಂತು. ರವಿಯ ಬಾಯಲ್ಲಿ. ಮಾವ ನನ್ನ ಜೊತೆ ನೇರವಾಗಿ ಮಾತಾಡುವುದಿಲ್ಲ. ಜಗುಲಿಯಲ್ಲಿ ಕೂತು ಮಗನಿಗೆ ಹೇಳುತ್ತಾರೆ, ಮಗ ರೂಮಿಗೆ ತಂದು ನನಗೆ ಹೇಳುತ್ತಾನೆ.

"ಚಿಂತಾಮಣಿಯಿಂದ ಹರಿಕೃಷ್ಣ ಅನ್ನೋರು ಬರ್ತಾರಂತೆ ಕಣೇ, ಈ ಆದಿತ್ಯವಾರ ಅಲ್ಲ, ಮುಂದಿನ ಆದಿತ್ಯವಾರ. ಮೀನಿನ ಅಂಗಡಿ ಇದೆಯಂತೆ. ತೊಟ್ಟೀನ ಅವ್ರಿಗೆ ಕೊಟ್ಬಿಡಣ ಅಂತ ಅಪ್ಪ."

"ಯಾಕೆ?"

"ದೀಪಾವಳಿಗೆ ಆ ಉಪ್ಪುನೀರು ಮನೆಗೆ ಬಂದಾಗಿಂದ ಒಂದು ಬೆಳೇನೂ ಸರಿಯಾಗಿ ಕೈಗೆ ಹತ್ತಿಲ್ವಲ್ಲ…"

ಹಾ! ಗೂಬೆ ಕೂರಿಸಲು ನನ್ನ ತಲೆಯೇ ಸಿಕ್ಕಿತು. ಮದುವೆ ಮಾತುಕತೆಯಲ್ಲೇ ಹೇಳಿದ್ದೆ: ಬೀರು ಬೇಡ, ಸೋಫಾ ಬೇಡ, ನನ್ನ ಸಮುದ್ರ ತರುತ್ತೇನೆ ಅಂತ. ಎಲ್ಲರೂ ನಕ್ಕು ಒಪ್ಪಿದ್ದರು. ಗೌರಿಬಿದನೂರಿನ ತವರಲ್ಲಿ ನಾನೂ ತಮ್ಮ ಚೈತನ್ಯನೂ ಕಟ್ಟಿದ ಮೂರಡಿ ತೊಟ್ಟಿ. ಅದರೊಳಗಿನ ಒಂದೊಂದು ಹವಳವೂ ಉಗುರಷ್ಟಿದ್ದಾಗ ನನ್ನ ಕೈಯಾರೆ ಅಂಟಿಸಿದ್ದು. ಅದನ್ನು ಕೊಡಲು ಇವರು ಯಾರು?

"ನೀನೇನು ಅಂದೆ?" ಅಂತ ರವಿಯನ್ನು ಕೇಳಿದೆ.

"ನಾನೇನು ಅನ್ಲಿ…"

ಅದೇ. ಅದನ್ನೇ ಅಂದಿರುತ್ತಾನೆ.

ಜಪ್ಪಯ್ಯ ಅಂದರೂ ಕೊಡುವುದಿಲ್ಲ. ಬರೆದಿಟ್ಟುಕೊಳ್ಳುತ್ತೇನೆ: ಕೊಡುವುದಿಲ್ಲ.

ಏಪ್ರಿಲ್ 13, ಭಾನುವಾರ

ಆದರೆ ಹವಳ ಸಾಯುತ್ತಿದೆ. ಸತ್ತರೆ ಯಾವುದಕ್ಕೆ ಅಂತ ಜಗಳವಾಡಲಿ?

ಚೈತನ್ಯನಿಗೆ ವಿಡಿಯೋ ಕಾಲ್. ತೊಟ್ಟಿ ತೋರಿಸಿದೆ. ಅವನು ಹತ್ತಿರ ಹತ್ತಿರ ಅಂದು ನೋಡಿ, "ಅಕ್ಕಾ, ಇದು ಕಾವಿಗೆ ಬಿಳಿಚಿಕೊಂಡಿರೋದು" ಅಂದ.

"ಇಪ್ಪತ್ತಾರೇ ಇದೆಯಲ್ಲೋ."

"ಯಾರು ಹೇಳಿದ್ದು?"

"ಕಂಟ್ರೋಲರ್."

"ಅದನ್ನ ನಂಬ್ಕೊಂಡು ಕೂತಿದ್ದೀಯಾ? ನೀಕು ಪಿಚ್ಚಾ ಅಕ್ಕಾ, ಹುಚ್ಚಾ ನಿಂಗೆ? ಕೈ ಇಟ್ಟು ನೋಡು."

ಇಟ್ಟೆ. ಬೆಚ್ಚಗಿತ್ತು. ಈ ಬಿಸಿಲಿಗೆ ಕೊಳಾಯಿ ನೀರೂ ಬೆಚ್ಚಗೇ ಬರುತ್ತದೆ, ಕೈಗೇನು ಗೊತ್ತಾಗುತ್ತದೆ? ಐಸಲ್ಲಿ ಚೆಕ್ ಮಾಡು ಅಂದ. ಕರಗುವ ಐಸು ಯಾರ ಮನೆಯಲ್ಲಿದ್ದರೂ ಸೊನ್ನೆ. ತೊಟ್ಟಿಯ ಕಾವು ಅಳೆಯುವ ಪ್ರೋಬನ್ನು ಅದರಲ್ಲಿ ಅದ್ದು, ಸೊನ್ನೆ ಬರದಿದ್ದರೆ ಅದು ಸುಳ್ಳು ಹೇಳುತ್ತಿದೆ ಅಂತ ಅರ್ಥ.

ಫಿಲ್ಟರ್ ನೀರು ತುಂಬಿ ಐಸ್ ಟ್ರೇ ಇಟ್ಟಿದ್ದೇನೆ. ನಾಳೆ ಹೇಗೂ ರಜೆ.

ಏಪ್ರಿಲ್ 14, ಸೋಮವಾರ. ಹನ್ನೊಂದು ಗಂಟೆ

ಐಸನ್ನು ಟವಲಲ್ಲಿ ಸುತ್ತಿ ಕುಟ್ಟಾಣಿಯಲ್ಲಿ ಕುಟ್ಟಿದೆ. ಉದ್ದ ಲೋಟದ ತುಂಬಾ ಐಸು, ಸಂದಿ ತುಂಬುವಷ್ಟು ಫಿಲ್ಟರ್ ನೀರು. ಪ್ರೋಬ್ ನಡುವೆ ನಿಲ್ಲಿಸಿ ಕಲಕುತ್ತಾ ಕೂತೆ. ತಳಕ್ಕೆ ತಾಗಬಾರದು, ಗೋಡೆಗೆ ತಾಗಬಾರದು.

ಇಳಿಯಿತು. ಹತ್ತು. ಐದು. ಒಂದು. ಸೊನ್ನೆ… ಇನ್ನೂ ಇಳಿಯಿತು!

ಮೈನಸ್ 2.8ಕ್ಕೆ ನಿಂತಿತು. ಕದಲಲಿಲ್ಲ. ಐಸು ಬದಲಾಯಿಸಿ ಮತ್ತೆ ಅದ್ದಿದೆ. ಮೈನಸ್ 2.8.

ಅಂದರೆ ಡಿಸ್‌ಪ್ಲೇ ಇಪ್ಪತ್ತಾರು ಅನ್ನುವಾಗ ನೀರು ಇಪ್ಪತ್ತೊಂಬತ್ತಕ್ಕೆ ಹತ್ತಿರ. ಮಧ್ಯಾಹ್ನ ಇನ್ನೂ ಮೇಲೆ. ನೀರು ತಣಿಸುವ ಫ್ಯಾನು ಆನ್ ಆಗಬೇಕಾದಾಗ ಸುಮ್ಮನೆ ಕೂತಿರುತ್ತಿತ್ತು, ಪಾಪ, ಅದಕ್ಕೆ ಯಾರೂ ಹೇಳಿರಲಿಲ್ಲ. ನನ್ನ ಹವಳಗಳನ್ನು ಇಷ್ಟು ದಿನ ಸಣ್ಣ ಉರಿಯಲ್ಲಿ ಬೇಯಿಸಿದ್ದೇನೆ. ಅಳು ಬಂತು. ಅತ್ತುಬಿಟ್ಟೆ. ಆಮೇಲೆ ಪಿತ್ತ ನೆತ್ತಿಗೇರಿತು.

ಮೆನು ಒಳಗೆ ಹೋಗಿ ನೋಡಿದರೆ ತಿದ್ದುಪಡಿಯ ಜಾಗದಲ್ಲಿ ಯಾರೋ −2.8 ಎಂದು ಕೂರಿಸಿದ್ದಾರೆ! ಅದನ್ನು ಅಳಿಸಿ ಐಸಲ್ಲಿ ಅದ್ದಿದೆ. 0.0. ಹೊಸದು ಬಂದಾಗ ಸರಿಯಾಗಿಯೇ ಇತ್ತು. ನೆಟ್ಟಗಿದ್ದದ್ದಕ್ಕೆ ಯಾರೋ ಸುಳ್ಳು ಹೇಳುವುದನ್ನು ಕಲಿಸಿದ್ದಾರೆ.

ಈ ಮನೆಯಲ್ಲಿ ಮೆನು ಒತ್ತಲು ಬರುವವರು ಇಬ್ಬರೇ. ನಾನಂತೂ ಒತ್ತಿಲ್ಲ.

ಅದೇ ದಿನ, ಸಾಯಂಕಾಲ

ರವಿ ಒಪ್ಪಿಕೊಂಡ. ದೀಪಾವಳಿಯಲ್ಲಿ ತೊಟ್ಟಿ ಜೋಡಿಸುವಾಗ ಕಂಟ್ರೋಲರ್ ಕೆಲಸ ಅವನಿಗೆ ಒಪ್ಪಿಸಿದ್ದೆ. ಅವನು ಪ್ರೋಬನ್ನು ಹುಳದ ಮನೆಗೆ ತೆಗೆದುಕೊಂಡು ಹೋಗಿ, ಬಹುಮಾನದ ಥರ್ಮಾಮೀಟರ್ ಪಕ್ಕ ನೇತು ಹಾಕಿ, ಅದು ಎಷ್ಟು ತೋರಿಸಿತೋ ಇದೂ ಅಷ್ಟೇ ತೋರಿಸುವ ಹಾಗೆ ತಿದ್ದಿ ತಂದಿದ್ದಾನೆ.

"ಯಾಕೋ ಹಾಗೆ ಮಾಡಿದೆ?"

"ನಮ್ಮನೇಲಿ ಅದಕ್ಕಿಂತ ಸರಿಯಾಗಿರೋದು ಇನ್ನ್ಯಾವುದಿದೆ ಕಣೇ?"

ಹೇಳಿ ಮುಗಿಸುವಾಗಲೇ ಅವನ ಮುಖ ಇಳಿಯಿತು. ನನಗೂ ಅದೇ ಹೊತ್ತಿಗೆ ಹೊಳೆಯಿತು. ನನ್ನ ತೊಟ್ಟಿ ಮಾತ್ರವಲ್ಲ. ಹುಳದ ಮನೆಯೂ ಕಡೇಪಕ್ಷ ದೀಪಾವಳಿಯಿಂದ ಇದೇ ಸುಳ್ಳಿನ ಮೇಲೆ ನಡೆಯುತ್ತಿದೆ. ಚಳಿಗಾಲದಲ್ಲಿ ಇಪ್ಪತ್ತೈದು ಬರುವ ತನಕ ಒಳಗೆ ಕೆಂಡ ಇಟ್ಟರು — ಇಪ್ಪತ್ತೆಂಟು ಮಾಡಿದರು. ಈಗ ಬೇಸಿಗೆಯಲ್ಲಿ ಇಪ್ಪತ್ತಾರು ಅಂತ ಕಿಟಕಿ ಮುಚ್ಚಿ ಕೂತರು. ಅತ್ತೆ ಸೆಕೆ ಅಂದರೆ ಮಜ್ಜಿಗೆ ಕುಡಿ ಅಂದರು!

"ಅಪ್ಪನಿಗೆ ಹೇಳು" ಅಂದೆ.

"ಆ ಥರ್ಮಾಮೀಟರ್ ಸುಳ್ಳು ಅಂತ ನಾನು ಅಪ್ಪನಿಗೆ ಹೇಳಾ? ಮನೆ ಬಿಟ್ಟು ಹೋಗು ಅಂತ ಹೇಳ್ಬಿಡೇ, ಅದೇ ಸುಲಭ."

ಏಪ್ರಿಲ್ 15, ಮಂಗಳವಾರ

ತೊಟ್ಟಿಯ ನೀರನ್ನು ಒಂದೇ ಸಲ ತಣ್ಣಗೆ ಮಾಡಬಾರದು, ಅದೂ ಏಟೇ. ದಿನಕ್ಕೆ ಅರ್ಧ ಡಿಗ್ರಿ ಇಳಿಸುತ್ತಿದ್ದೇನೆ. ಇನ್ನೊಂದು ಫ್ಯಾನು ಹಾಕಿದೆ.

ಜಗುಲಿಗೆ ಹೋಗಿ ನಾನೇ ಮಾವನಿಗೆ ಹೇಳಿದೆ. ಮೂರು ಮಾತಲ್ಲಿ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. ಪೇಪರಿಗೇ ಹೇಳಿದರು: "ನಾನು ಇಪ್ಪತ್ತು ವರ್ಷದಿಂದ ಅದನ್ನ ನೋಡ್ಕೊಂಡೇ ಹುಳ ಮೇಯಿಸ್ತಿರೋದು. ನಿನ್ನೆ ಮೊನ್ನೆ ಬಂದ ಬಟನ್ ಡಬ್ಬಿ ನಂಗೆ ಹೇಳ್ಕೊಡ್ಬೇಕಾ?"

"ಒಂದ್ಸಲ ಐಸಲ್ಲಿ ಇಟ್ಟು ನೋಡಿ ಮಾವ."

"ಬಹುಮಾನದ ವಸ್ತುನ ಐಸಲ್ಲಿ ಇಡ್ತಾರಂತೆ. ರವೀ, ಕೇಳ್ದೇನೋ?"

ರವಿ ಕೇಳಿಸಿಕೊಂಡ. ಅಷ್ಟೇ.

ಏಪ್ರಿಲ್ 20, ಭಾನುವಾರ

ಎಲ್ಲವನ್ನೂ ಬರೆಯುತ್ತೇನೆ.

ಹತ್ತು ಗಂಟೆಗೆ ಹರಿಕೃಷ್ಣ ಬಂದರು. ಟಾಟಾ ಏಸ್, ನೀರು ತುಂಬಿಸಲು ಎರಡು ಡ್ರಮ್ಮು. ಒಳ್ಳೆಯ ಮನುಷ್ಯ. ತೊಟ್ಟಿ ನೋಡಿ, "ಮೇಡಂ, ಇದನ್ನ ನೀವೇ ಮೇಂಟೇನ್ ಮಾಡ್ತಿದ್ದೀರಾ?" ಅಂದರು. ಹೌದು ಅಂದೆ. ಆಮೇಲೆ ಮಾವನ ಕಡೆ ನೋಡಿದರು.

ಮಾವ ಜಗುಲಿಯಲ್ಲಿ. ಅತ್ತೆ ಬಾಗಿಲಲ್ಲಿ. ರವಿ ಅಂಗಳದ ನಡುವೆ, ಎಲ್ಲಿ ನಿಲ್ಲಬೇಕೋ ಗೊತ್ತಿಲ್ಲದೆ.

ನಾನು ಐಸಿನ ಲೋಟ ತಂದು ಜಗುಲಿಯ ಮೇಲೆ ಇಟ್ಟೆ. "ಮಾವ, ಥರ್ಮಾಮೀಟರ್ ತರ್ಸಿ. ಇದರಲ್ಲಿ ಅದು ಸೊನ್ನೆ ತೋರಿಸಿದ್ರೆ ತೊಟ್ಟೀನ ನಾನೇ ಗಾಡಿಗೆ ಹೊರಿಸ್ತೀನಿ. ಒಂದು ಮಾತೂ ಆಡಲ್ಲ."

ಮಾವ ಮಗನಿಗೆ, "ಡ್ರಮ್ ಇಳಿಸಕ್ಕೆ ಹೇಳೋ" ಅಂದರು.

ಅಷ್ಟೇ ಸಾಕಾಯಿತು ನನಗೆ. ಕೊಳಾಯಿ ಹತ್ತಿರ ಹೋಗಿ ಕಾಲು ತೊಳೆದೆ. ಹುಳದ ಮನೆ ಹೊಸಿಲಲ್ಲಿ ರೋಗ ಒಳಗೆ ಹೋಗದ ಹಾಗೆ ಸುಣ್ಣದ ಪುಡಿ ಹರಡಿರುತ್ತಾರೆ, ಅದನ್ನು ತುಳಿದೆ — ನಿಯಮ ನಿಯಮವೇ. ಹಿಂದಿನಿಂದ ಅತ್ತೆ, "ಬೇಡ ಕಣಮ್ಮಾ, ಮೌನಿಕಾ!" ಅಂದರು. ದಾಟಿಬಿಟ್ಟೆ. ಒಳಗೆ ಖಾಲಿ ತಟ್ಟೆಗಳು, ಬ್ಲೀಚಿಂಗ್ ವಾಸನೆ. ಹೆದರಿಕೆ ಇರಲಿಲ್ಲ… ಸುಳ್ಳೇಕೆ, ಇತ್ತು. ಸ್ಟೂಲು ಹತ್ತಿ ಬಹುಮಾನವನ್ನು ಮೊಳೆಯಿಂದ ಇಳಿಸಿದೆ.

ಹೊರಗೆ ತಂದು, ಎಲ್ಲರ ಎದುರಿಗೆ, ಅದರ ಬುಡವನ್ನು ಐಸಿಗೆ ಇಳಿಸಿದೆ.

ಹರಿಕೃಷ್ಣ ಬಂದು ಬಗ್ಗಿದರು. ರವಿ ಬಗ್ಗಿದ. ಮಾವ ಕೂತಲ್ಲಿಂದಲೇ ಕತ್ತು ಚಾಚಿದರು. ಕೆಂಪು ಗೆರೆ ಇಳಿದು ಇಳಿದು ಸೊನ್ನೆ ದಾಟಿತು. ಸೊನ್ನೆಯ ಕೆಳಗೆ, ಹತ್ತಿರ ಹತ್ತಿರ ಮೂರು ಗೆರೆ ಕೆಳಗೆ ನಿಂತಿತು.

ಎಲ್ಲರೂ ಮಾವನ ಮುಖ ನೋಡಿದರು. ಮಾವ ಲೋಟ ನೋಡಿದರು. "ಐಸೇ ಸರಿ ಇಲ್ಲ" ಅಂದರು.

ಹರಿಕೃಷ್ಣ ಕೆಮ್ಮಿದರು. ಕೆಮ್ಮಲ್ಲ ಅದು.

"ಫ್ರಿಜ್ಜು ಹಳೇದು. ಐಸು ಸರಿಯಾಗಿ ಬಂದಿರಲ್ಲ. ರವೀ, ಸರ್ಕಲ್ಲಲ್ಲಿ ಕಬ್ಬಿನ ಹಾಲಿನವನ ಹತ್ರ ಗಡ್ಡೆ ಐಸ್ ತಗೊಂಬಾ."

ರವಿ ಬೈಕ್ ಹತ್ತಿ ಹೋದ. ತಂದ. ಕುಟ್ಟಿದೆ. ಅದ್ದಿದೆ. ಕಬ್ಬಿನ ಹಾಲಿನವನ ಐಸೂ ಅಷ್ಟೇ ಹೇಳಿತು.

ಆಗ ಅತ್ತೆ ಬಾಗಿಲಿಂದ ಇಳಿದು ಬಂದರು. ಥರ್ಮಾಮೀಟರನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು. ಕೊಳವೆಯ ಮೇಲ್ತುದಿಯಲ್ಲಿ ಆಯುಧಪೂಜೆಯ ಕುಂಕುಮ ಗಟ್ಟಿಯಾಗಿ ಒಣಗಿತ್ತು. ಹೆಬ್ಬೆರಳು ಒದ್ದೆ ಮಾಡಿ ಉಜ್ಜಿದರು. ಕುಂಕುಮ ಹೋಯಿತು. ಕೆಳಗೆ ಗಾಜಿನೊಳಗೆ ಇನ್ನೊಂದು ಕೆಂಪು. ಉಜ್ಜಿದರೂ ಹೋಗದ ಕೆಂಪು.

"ಇದೇನ್ರೀ ಇದು, ಮೇಲೊಂದು ತುಂಡು ನಿಂತ್ಕೊಂಡೈತೆ?"

ಪೂಜೆಗೆ ಮಲಗಿಸಿದಾಗಲೋ, ತೊಳೆಯುವಾಗ ಅಲುಗಾಡಿದಾಗಲೋ, ಗೆರೆ ತುಂಡಾಗಿ ಒಂದಿಷ್ಟು ಮೇಲೆ ಹೋಗಿ ಅಂಟಿಕೊಂಡಿದೆ. ಅಷ್ಟು ಕಡಿಮೆಯಾದದ್ದನ್ನೇ ನಾವು ಇಪ್ಪತ್ತಾರು ಅಂತ ಓದಿದ್ದು. ಕೆಂಪಿನ ಮೇಲೆ ಕೆಂಪು ಹಚ್ಚಿದ್ದರಿಂದ ಯಾರ ಕಣ್ಣಿಗೂ ಬೀಳಲಿಲ್ಲ.

ಅತ್ತೆ ಗಂಡನ ಕಡೆ ತಿರುಗಿದರು. ಜೋರಾಗಿಯೇನೂ ಅನ್ನಲಿಲ್ಲ. "ಸೆಕೆ ಅಂತ ನಾನು ಬಡ್ಕೊಂಡೆ. ಮಜ್ಜಿಗೆ ಕುಡಿ ಅಂದ್ರಿ" — ಅಷ್ಟೇ. ಒಳಗೆ ಹೋದರು.

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಎಲ್ಲಿ! ಮಾವ ಟವಲು ಕೊಡವಿ ಎದ್ದರು. "ಕೊಟ್ಟ ಮಾತು ಕೊಟ್ಟಿದ್ದೇ. ಹರಿಕೃಷ್ಣ, ಏರ್ಸಪ್ಪಾ ಗಾಡಿಗೆ."

ತೊಟ್ಟಿ ಇರುವ ನನ್ನ ರೂಮಿನ ಬಾಗಿಲಿಗೆ ಅಡ್ಡ ನಿಂತೆ. ಎರಡೂ ಕೈ ಚೌಕಟ್ಟಿಗೆ. "ಮಾತು ಕೊಟ್ಟಿದ್ದು ನೀವು ಮಾವ. ತೊಟ್ಟಿ ನಂದು. ನಾನು ಕೊಟ್ಟಿಲ್ಲ. ಇದನ್ನ ದಾಟಿ ಹೋಗ್ಬೇಕಾದ್ರೆ ನನ್ನನ್ನೂ ಡ್ರಮ್ಮಲ್ಲಿ ತುಂಬಿಸ್ಕೊಂಡು ಹೋಗ್ಲಿ."

ಮಾವನ ಎದುರು ಇಷ್ಟು ಗಟ್ಟಿಯಾಗಿ ಯಾರೂ ಮಾತಾಡಿಲ್ಲ, ಈ ಅಂಗಳದಲ್ಲಿ. ನನಗೇ ನನ್ನ ದನಿ ಬೇರೆಯವರದ್ದು ಅನ್ನಿಸಿತು. ಆಮೇಲೆ ಪಕ್ಕದಲ್ಲಿ ಯಾರೋ ನಿಂತರು. ರವಿ. ಬೆಪ್ಪನ ಹಾಗೆ ನಿಂತ. ಆದರೆ ಚೌಕಟ್ಟಿನ ಈಚೆ, ನನ್ನ ಕಡೆ ನಿಂತ.

ಹರಿಕೃಷ್ಣ ಡ್ರಮ್ಮಿನ ಮುಚ್ಚಳ ಮುಚ್ಚಿದರು. "ಸಾರ್, ಮೀನಾದ್ರೆ ತಗೊಂಡೋಗ್ತೀನಿ. ಜಗಳ ಇಟ್ಕೊಳ್ಳೋಕೆ ನಮ್ಮ ಅಂಗಡೀಲಿ ಜಾಗ ಇಲ್ಲ."

ಗಾಡಿ ಖಾಲಿ ಹೋಯಿತು.

ಏಪ್ರಿಲ್ 22, ಮಂಗಳವಾರ

ಥರ್ಮಾಮೀಟರ್ ಈಗ ದೇವರ ಮನೆಯಲ್ಲಿದೆ. ಹೊಸ ಕುಂಕುಮ, ಒಂದು ಕಣಗಿಲೆ ಹೂವು. ಅರ್ಧ ವರ್ಷ ಸುಳ್ಳು ಹೇಳಿದ್ದಕ್ಕೆ ಬಡ್ತಿ ಸಿಕ್ಕಿದೆ.

ಮಾವ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಮೊದಲೂ ಆಡುತ್ತಿರಲಿಲ್ಲವಲ್ಲ, ನಷ್ಟವೇನು. ನನ್ನನ್ನು ಯಾರೂ ಕ್ಷಮಿಸು ಅಂತಲೂ ಕೇಳಿಲ್ಲ, ಹುಳದ ಮನೆಗೆ ಬಾ ಅಂತಲೂ ಕರೆದಿಲ್ಲ. ನಾನೂ ಕೇಳುವವಳಲ್ಲ.

ಲೆದರ್ ಹವಳ ಅಂಚಲ್ಲಿ ನಾಲ್ಕೈದು ಎಳೆ ಹೊರಗೆ ಹಾಕಿದೆ. ನಾಲ್ಕೈದೇ. ನೋಡಿ ನೋಡಿ ಕಣ್ಣು ನೋಯಿತು.

ಮೇ 3, ಶನಿವಾರ

ಹೊಸ ಹುಳು ಬಂದು ಐದಾರು ದಿನ. ರವಿ ಶಿಡ್ಲಘಟ್ಟದಿಂದ ಎರಡು ಹೊಸ ಥರ್ಮಾಮೀಟರ್ ತಂದ, ಗಾಜಿನ ಕಡ್ಡಿಯಂಥವು. ಒಂದೇ ಅಂಗಡಿ, ಒಂದೇ ಡಬ್ಬ. ಅಕ್ಕಪಕ್ಕ ನೇತು ಹಾಕಿದರೆ ಒಂದು ಇಪ್ಪತ್ತೈದು ಅನ್ನುತ್ತದೆ, ಇನ್ನೊಂದು ಇಪ್ಪತ್ತೇಳು. ಮಾವ ಅವೆರಡರ ನಡುವೆ ನಿಂತು ಕತ್ತು ತಿರುಗಿಸಿ ತಿರುಗಿಸಿ ನೋಡುತ್ತಾರಂತೆ. ಅತ್ತೆ ನನಗೆ ಹೇಳಿ ನಕ್ಕರು. ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು.

"ನೀನಾದ್ರೂ ನೋಡಬಾರದೇನಮ್ಮಾ?"

"ಮಾವ ಕೇಳ್ಲಿ ಅತ್ತೆ, ನೋಡ್ತೀನಿ."

ಮೇ 7, ಬುಧವಾರ

ಕಚೇರಿಯಿಂದ ಬಂದೆ. ತೊಟ್ಟಿಯ ಮುಂದೆ ನೆಲದ ಮೇಲೆ ನೀರಿನ ಹನಿ. ಬಾಗಿಲ ತನಕ. ಬಾಗಿಲಿಂದ ಹುಳದ ಮನೆ ತನಕ. ತೊಟ್ಟಿಯ ಅಂಚಿಗೆ ಥರ್ಮಾಮೀಟರ್ ನೇತು ಹಾಕುವ ನೂಲು ಸಿಕ್ಕಿಹಾಕಿಕೊಂಡಿತ್ತು.

ಆಹಾ! ನಾನಿಲ್ಲದಾಗ ಮಾವ ಬಂದು, ಅದೇ ಉಪ್ಪುನೀರಿಗೆ, ಆ ದರಿದ್ರ ಉಪ್ಪುನೀರಿಗೆ ಥರ್ಮಾಮೀಟರ್ ಇಳಿಬಿಟ್ಟು, ನನ್ನ ಡಿಸ್‌ಪ್ಲೇ ಜೊತೆ ತಾಳೆ ನೋಡಿದ್ದಾರೆ. ಕದ್ದು!

ಕೇಳಿದ್ದರೆ ಕೊಡುತ್ತಿದ್ದೆ. ಹುಳದ ಮೇಲೆ ನನಗೇನು ಸಿಟ್ಟು? ಆದರೆ ಕದ್ದು ನೋಡುವುದಕ್ಕೆ ಬಿಡುವುದಿಲ್ಲ. ರೂಮಿಗೆ ಬೀಗ ಹಾಕಿ ಹೋಗುತ್ತೇನೆ ನಾಳೆಯಿಂದ. ಜೊತೆಗೆ ಫ್ರಿಜ್ಜಿನಲ್ಲಿ ಐಸ್ ಟ್ರೇ ತುಂಬಿ ಇಡುತ್ತೇನೆ. ಕೇಳಿದ ದಿನ ಕಾಯಿಸಬಾರದು.

ಮೇ 10, ಶನಿವಾರ. ಬೆಳಗ್ಗೆ

ರಜೆ. 25.9, ನಿಜವಾದದ್ದು. ಲೆದರ್ ಅರ್ಧ ತೆರೆದಿದೆ. ಗುಂಡಿಹವಳ ಎರಡು ಕಡೆ ಹಸಿರು ಹಿಡಿದಿದೆ, ಉಳಿದವು ಹೋದವು. ಹೋದದ್ದನ್ನು ಮರೆಯುವುದಿಲ್ಲ.

ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದಿವೆ. ಇನ್ನು ಮೇಯುವುದೇ ಮೇಯುವುದು. ಕದ್ದು ನೋಡಿಯೂ ಮಾವನಿಗೆ ಯಾವ ಥರ್ಮಾಮೀಟರ್ ಸರಿ ಅಂತ ಬಗೆಹರಿದಿಲ್ಲವಂತೆ. ಕಾವು ತಪ್ಪಿದರೆ ಈಗಲೇ ತಪ್ಪುವುದು ಅಂತ ಅತ್ತೆ ರಾತ್ರಿಯಿಂದ ಒಂದೇ ಸಮ…

ಈಗ ಬಾಗಿಲು ತಟ್ಟಿದರು. ತೆರೆದೆ. ಮಾವ. ಎರಡೂ ಕೈಯಲ್ಲಿ ಒಂದೊಂದು ಥರ್ಮಾಮೀಟರ್. ರವಿ ಮನೆಯಲ್ಲೇ ಇದ್ದ, ರವಿಯನ್ನು ಕರೆಯಲಿಲ್ಲ. ನನ್ನ ಮುಖ ನೋಡಿಯೇ ಹೇಳಿದರು.

"ಮೌನಿಕಮ್ಮಾ, ಇವೆರಡ್ರಲ್ಲಿ ಯಾವ್ದು ನಿಜ ಹೇಳ್ತೈತೆ, ಒಸಿ ನೋಡ್ತೀಯಾ?"

ಬಾಗಿಲು ಪೂರ್ತಿ ತೆರೆದೆ.

"ನೋಡ್ತೀನಿ ಮಾವ. ಒಳಗೆ ಬನ್ನಿ. ಆದ್ರೆ ಮೊದಲು ಕೈಕಾಲು ತೊಳ್ಕೊಂಡು ಬನ್ನಿ. ಸೊಪ್ಪಿನ ಕೈಯಲ್ಲಿ ನನ್ನ ನೀರು ಮುಟ್ಟಬೇಡಿ."

ಅವರು ನನ್ನನ್ನು ನೋಡಿದರು. ನಾನೂ ಅವರನ್ನೇ ನೋಡಿದೆ. ಕಣ್ಣು ಇಳಿಸಲಿಲ್ಲ. ಥರ್ಮಾಮೀಟರುಗಳನ್ನು ನನ್ನ ಕೈಗೆ ಕೊಟ್ಟು ಕೊಳಾಯಿ ಕಡೆ ಹೋದರು.

ಐಸು ಕುಟ್ಟಿ ಆಗಿದೆ. ಲೋಟ ಮೇಜಿನ ಮೇಲೆ. ಅಂಗಳದಲ್ಲಿ ಚೊಂಬಿನ ಸದ್ದು. ಒಂದು ಕಾಲು… ಇನ್ನೊಂದು… ಸೋಪು ಎಲ್ಲೈತೆ ಅಂತ ಅತ್ತೆಯನ್ನು ಕೇಳುತ್ತಿದ್ದಾರೆ. ಸೋಪು! ಮಾವ ಹೊಸಿಲ ಹತ್ತಿರ ಬಂದರು—